ನರಿ ಮುಟ್ಟಿದ ಹುಡುಗ, ನಾಲ್ಕು ಬಿಂದಿಗೆ ನೀರು

(ವಿದ್ಯಾರ್ಥಿನಿಲಯದ ಗೆಳೆಯರ ಸಭೆಯಲ್ಲಿ ಆಡಿದ ಮಾತು. ಆಡಿದ ಹಾಗೇ ಬರೆದುಕೊಟ್ಟಿದ್ದೇನೆ, ಅಲ್ಲಲ್ಲಿ ತಿದ್ದಿದ್ದೇನೆ.)

ಪದ್ಯ ಓದಲಿ ಅಂತ ನನ್ನನ್ನು ಕರೆಸಿದ್ದೀರಿ. ಓದೋಣ, ಊಟ ಆದ ಮೇಲೆ ಓದೋಣ. ಅದಕ್ಕೆ ಮುಂಚೆ ಒಂದು ಕಾಯಿಲೆಯ ವಿಷಯ ಮಾತಾಡಬೇಕು. ಕವಿಗೆ ಕಾಯಿಲೆಯ ಉಸಾಬರಿ ಯಾಕೆ, ಡಾಕ್ಟರು ಸತ್ತುಹೋದ್ರಾ ಅಂತ ಹಿಂದಿನ ಸಾಲಿನವರು ನಗಬಹುದು. ನಾನು ಓದಿದ್ದು ಬಿ.ಎ. ಕನ್ನಡ, ಇತಿಹಾಸ, ಸಮಾಜಶಾಸ್ತ್ರ. ಆದರೆ ಈ ಕಾಯಿಲೆ ಎಂಥದ್ದು ಅಂದರೆ, ಡಾಕ್ಟರ ಕೈಗೆ ಹೋಗುವ ಮುಂಚೆಯೇ ಅದರ ಅರ್ಧ ಹಾದಿ ನಮ್ಮ ಕೇರಿಯಲ್ಲಿ ನಡೆದು ಮುಗಿದಿರುತ್ತೆ. ಆ ಅರ್ಧ ಹಾದಿಯಲ್ಲಿ ತಿಳಿದವನು ಒಬ್ಬ ಪಕ್ಕದಲ್ಲಿದ್ದರೆ ಮಗು ಉಳಿಯುತ್ತೆ. ಇಲ್ಲದಿದ್ದರೆ ಮಣ್ಣು ಮಾಡಬೇಕು. ನಡುವೆ ಬೇರೆ ದಾರಿ ಇಲ್ಲ.

ಕಾಯಿಲೆಯ ಹೆಸರು ರೇಬಿಸ್. ನಮ್ಮ ಕಡೆ ಹುಚ್ಚುನಾಯಿ ಕಾಯಿಲೆ ಅಂತಾರೆ. ಈ ಹೆಸರೇ ಒಂದಿಷ್ಟು ಅನಾಹುತ ಮಾಡಿದೆ. ನಾಯಿಯಿಂದ ಬರೋದೇ ಜಾಸ್ತಿ, ಸುಳ್ಳಲ್ಲ. ಜಗತ್ತಿನಲ್ಲಿ ಮನುಷ್ಯರಿಗೆ ಬರುವ ರೇಬಿಸ್‌ನಲ್ಲಿ ನೂರಕ್ಕೆ 99 ಪಾಲು ನಾಯಿಯಿಂದಲೇ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಆದರೆ ನರಿಯಿಂದಲೂ ಬರುತ್ತೆ. ತೋಳ, ಮುಂಗುಸಿ, ಕಾಡುಬೆಕ್ಕು, ಕೋತಿ ಇವುಗಳಿಂದಲೂ ಬರುತ್ತೆ. ನಾಯಿ ಕಚ್ಚಿದರೆ ಇಂಜೆಕ್ಷನ್ ಹಾಕಿಸಬೇಕು ಅನ್ನೋದು ಇವತ್ತು ನಮ್ಮ ಅಜ್ಜಿಯರಿಗೂ ಗೊತ್ತು. ನರಿ ಅಂದಾಗ ಮಾತ್ರ ಎಲ್ಲರೂ ತಲೆ ಕೆರೆದುಕೊಳ್ತಾರೆ.

ನಮ್ಮದು ಕಬ್ಬಿನ ಗದ್ದೆ ಸೀಮೆ. ಕಬ್ಬು ಆಳೆತ್ತರ ಬೆಳೆದಾಗ ಅದರೊಳಗೆ ನರಿ ಇರುತ್ತೆ. ರಾತ್ರಿ ಊಳಿಡುತ್ತೆ, ಹಗಲು ಕಣ್ಣಿಗೆ ಬೀಳೋದಿಲ್ಲ, ಮನುಷ್ಯನ ವಾಸನೆ ಸಿಕ್ಕಿದರೆ ಸಾಕು, ಮಾಯ. ಒಳ್ಳೇದಾದವನನ್ನು 'ಯಾವ ನರಿ ಮುಖ ನೋಡಿ ಎದ್ದಿದ್ಯೋ' ಅಂತ ಕೇಳೋದು ನಮ್ಮ ಮಾತು. ಪಕ್ಕದ ತಮಿಳುನಾಡಿನ ಸೇಲಂ ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ ಪೊಂಗಲ್ ಹೊತ್ತಿಗೆ ನರಿಯನ್ನೇ ಹಿಡಿದು ತಂದು ಜನರಿಗೆ ಮುಖ ತೋರಿಸುತ್ತಿದ್ದರು. ಅದೃಷ್ಟ ಅನ್ನೋದು ಅಷ್ಟು ಅಪರೂಪ, ಬಲೆ ಹಾಕಿ ಹಿಡಿಯಬೇಕು.

ಈಗ ನಮ್ಮ ಕೇರಿಯ ಒಂದು ಹುಡುಗನ ವಿಷಯ. ಮೂರನೆ ಕ್ಲಾಸು. ಅಪ್ಪ ಇಲ್ಲ, ತಾಯಿ ಕಬ್ಬು ಕಡಿಯೋಕೆ ಹೋಗ್ತಾಳೆ. ರಜೆ ದಿನ ಎರಡು ಮೇಕೆ ಹೊಡಕೊಂಡು ನಾಲೆ ಏರಿ ಮೇಲೆ ಹೋಗಿದ್ದಾನೆ. ಅಲ್ಲಿ ನಡುಹಗಲಲ್ಲಿ ಒಂದು ನರಿ. ಓಡಲಿಲ್ಲ. ನಿಂತಲ್ಲೇ ತೂಗಾಡ್ತಾ ಇತ್ತು, ಬಾಯಿಂದ ಜೊಲ್ಲು ಇಳೀತಾ ಇತ್ತು. ಪಾಪ, ಬಾಯಾರಿಕೆ ಇರಬೇಕು ಅಂದುಕೊಂಡ. ತೆಂಗಿನ ಚಿಪ್ಪಿನಲ್ಲಿ ನಾಲೆ ನೀರು ತಂದು ಮೂತಿಗೆ ಹಿಡಿದ. ಅದು ಕುಡಿಯಲಿಲ್ಲ. ತಲೆ ಸವರಿದ, ಜೊಲ್ಲನ್ನು ತನ್ನ ಕೈಯಿಂದಲೇ ಒರೆಸಿದ. ನರಿ ಕಚ್ಚಲಿಲ್ಲ. ಸ್ವಲ್ಪ ಹೊತ್ತಿಗೆ ಬಿದ್ದುಕೊಂಡಿತು. ಇವನು ಮೇಕೆ ಹುಡುಕಿಕೊಂಡು ಹೋದ.

ನೀರಿನ ವಿಷಯದಲ್ಲಿ ಊರು ನಮಗೆ ಮಾಡದ್ದನ್ನು ಆ ಹುಡುಗ ಒಂದು ನರಿಗೆ ಮಾಡಿದ. ಇದನ್ನು ನಾನು ಪದ್ಯ ಮಾಡಬಹುದಿತ್ತು. ಆದರೆ ಗೆಳೆಯರೆ, ನರಿಗೆ ಹಿಡಿದಿದ್ದದ್ದು ರೇಬಿಸ್ ಇರಬಹುದು ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಗುರುತು ಬೇಡ. ಕಾಡುಪ್ರಾಣಿ ಮನುಷ್ಯನ ಕಂಡು ಓಡದೆ ನಿಂತಿತು ಅಂದರೆ ಅದು ನಮ್ಮ ಮೇಲಿನ ಪ್ರೀತಿಗೆ ನಿಂತದ್ದಲ್ಲ. ಅದರ ಮೆದುಳು ಕೆಟ್ಟಿದೆ. ಕೆಲವು ಸಲ ಮೇಲೆ ಬಿದ್ದು ಕಚ್ಚುತ್ತೆ, ಕೆಲವು ಸಲ ಹೀಗೆ ಸಾಧು ಆಗಿ ನಿಲ್ಲುತ್ತೆ. ಹುಚ್ಚು ಅಂದರೆ ಬೊಗಳಬೇಕು, ಓಡಾಡಬೇಕು ಅಂತ ನಾವು ಅಂದುಕೊಂಡಿದ್ದೀವಿ. ಸುಮ್ಮನೆ ನಿಂತ ಹುಚ್ಚು ಮಕ್ಕಳಿಗೆ ಇನ್ನೂ ಅಪಾಯ, ಯಾಕೆಂದರೆ ಮಕ್ಕಳು ಹತ್ತಿರ ಹೋಗ್ತಾರೆ.

ಹಾಗಾದರೆ ಮುಟ್ಟಿದರೆ ಬರುತ್ತಾ? ಇದು ಮುಖ್ಯ ಪ್ರಶ್ನೆ, ನಿಧಾನವಾಗಿ ಕೇಳಿಸಿಕೊಳ್ಳಿ. ಬರೀ ಮುಟ್ಟಿದರೆ ಬರೋದಿಲ್ಲ. ಮೈ ಸವರಿದರೆ ಬರೋದಿಲ್ಲ. ಗಾಯವಿಲ್ಲದ ತೊಗಲಿನ ಮೇಲೆ ನೆಕ್ಕಿದರೂ ಬರೋದಿಲ್ಲ. ಇದು ಮೊದಲನೆ ದರ್ಜೆ, ತೊಳೆದುಕೊಂಡರೆ ಆಯಿತು, ಚುಚ್ಚುಮದ್ದು ಬೇಡ. ರಕ್ತ ಬರದ ಪರಚು, ತೊಗಲ ಮೇಲೆ ಹಲ್ಲು ತಾಗಿದ ಗೀರು ಎರಡನೆ ದರ್ಜೆ, ತೊಳೆಯಬೇಕು, ಚುಚ್ಚುಮದ್ದು ಹಾಕಿಸಬೇಕು. ರಕ್ತ ಬಂದ ಕಚ್ಚು, ಒಡೆದ ತೊಗಲಿನ ಮೇಲೆ ಜೊಲ್ಲು, ಕಣ್ಣಿಗೋ ಬಾಯಿಗೋ ಜೊಲ್ಲು ಸಿಡಿದದ್ದು ಮೂರನೆ ದರ್ಜೆ. ಇದಕ್ಕೆ ತೊಳೆಯೋದು, ಚುಚ್ಚುಮದ್ದು, ಅದರ ಜೊತೆಗೆ ಗಾಯದೊಳಕ್ಕೇ ಸೀರಂ. ಕಾಡುಪ್ರಾಣಿ ಕಚ್ಚಿದರೆ ಅದನ್ನು ಮೂರನೆ ದರ್ಜೆ ಅಂತಲೇ ಎಣಿಸಬೇಕು ಅಂತ ನಮ್ಮ ದೇಶದ ಮಾರ್ಗಸೂಚಿ ಹೇಳುತ್ತೆ. ಮನೆ ಇಲಿ, ಅಳಿಲು, ಮೊಲ ಕಚ್ಚಿದರೆ ಸಾಮಾನ್ಯವಾಗಿ ಬೇಕಾಗೋದಿಲ್ಲ. ಆದರೂ ಡಾಕ್ಟರನ್ನೇ ಕೇಳಿ, ನನ್ನನ್ನಲ್ಲ.

ಈ ದರ್ಜೆಗಳನ್ನು ಬರೆದವರು ಒಳ್ಳೆಯವರೇ. ಆದರೆ ಬರೀ ಮುಟ್ಟಿದ ಕೈ ಅಂತ ಹೇಳಬೇಕಾದರೆ ಗಾಯವಿಲ್ಲದ ಕೈ ಇರಬೇಕಲ್ಲ. ನಮ್ಮ ಹುಡುಗರ ಕೈ ನೋಡಿದ್ದೀರಾ? ನಿಮ್ಮ ಕೈಗಳನ್ನೇ ನೋಡಿಕೊಳ್ಳಿ. ಕಬ್ಬಿನ ಸೋಗೆ ಬ್ಲೇಡಿನ ಹಾಗೆ ಸೀಳುತ್ತೆ. ಈ ಹುಡುಗ ಹಿಂದಿನ ದಿನ ಅವ್ವನ ಜೊತೆ ಸೋಗೆ ಹೊರೆ ಕಟ್ಟಿದ್ದ. ಬಲಗೈ ಬೆರಳು, ಅಂಗೈ ತುಂಬಾ ಸಣ್ಣ ಸಣ್ಣ ಗೀರು. ಕೆಲವು ಇನ್ನೂ ಹಸಿ. ಅದೇ ಕೈಯಲ್ಲಿ ಜೊಲ್ಲು ಒರೆಸಿದ್ದು. ಪಟ್ಟಣದ ಮಗು ಮುಟ್ಟಿದ್ದರೆ ಮೊದಲನೆ ದರ್ಜೆ ಆಗುತ್ತಿದ್ದದ್ದು ಕೂಲಿ ಹೆಂಗಸಿನ ಮಗ ಮುಟ್ಟಿದ್ದಕ್ಕೆ ಮೂರನೆ ದರ್ಜೆ ಆಯಿತು. ವರ್ಗ ಅನ್ನೋದನ್ನು ಪುಸ್ತಕದಲ್ಲಿ ಓದಿ ಉರು ಹೊಡೀತೀವಿ. ಅದು ತೊಗಲಿನ ಮೇಲೆ ಹೀಗೆ ಬರೆದಿರುತ್ತೆ.

ವೈರಸ್ಸು ಒಳಗೆ ಹೋದ ಮೇಲೆ ಏನು ಮಾಡುತ್ತೆ ಅಂತಲೂ ತಿಳಿದಿರಲಿ. ರಕ್ತದಲ್ಲಿ ಓಡೋದಿಲ್ಲ. ಗಾಯದ ಹತ್ತಿರದ ನರ ಹಿಡಿದು ಮೆದುಳಿನ ಕಡೆ ಮೆಲ್ಲಗೆ ಹತ್ತುತ್ತೆ. ಸಾಮಾನ್ಯವಾಗಿ ಎರಡು ಮೂರು ತಿಂಗಳು ಹಿಡಿಯುತ್ತೆ. ಕೆಲವರಿಗೆ ಒಂದೇ ವಾರ, ಕೆಲವರಿಗೆ ವರ್ಷ. ಮುಖಕ್ಕೆ, ತಲೆಗೆ ಆದ ಗಾಯದಿಂದ ಬೇಗ ತಲುಪುತ್ತೆ. ಮಕ್ಕಳು ಕುಳ್ಳಗಿರೋದರಿಂದ ನಾಯಿ ಕಚ್ಚೋದು ಮುಖಕ್ಕೇ ಜಾಸ್ತಿ. ಮೆದುಳು ತಲುಪಿ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿದವರನ್ನು ಜಗತ್ತಿನಲ್ಲೇ ಬೆರಳೆಣಿಕೆಯಲ್ಲಿ ಎಣಿಸಬಹುದು. ಬಾಯಾರಿಕೆ ಇರುತ್ತೆ, ನೀರು ತುಟಿಗೆ ಹಿಡಿದರೆ ಗಂಟಲು ಹಿಂಡಿಕೊಳ್ಳುತ್ತೆ. ಆಮೇಲೆ ನೀರು ಕಂಡರೇ ಭಯ, ಗಾಳಿ ಸೋಕಿದರೂ ಭಯ. ನೀರು ಮುಟ್ಟಿದ್ದಕ್ಕೆ ನಮ್ಮವರಿಗೆ ಹೊಡೆತ ಬಿದ್ದದ್ದು 1927ರ ಮಾರ್ಚ್ 20ರಂದು ಮಹಾಡ್‌ನಲ್ಲಿ. ಬಾಬಾಸಾಹೇಬರು ಚೌದಾರ್ ಕೆರೆಯ ನೀರು ಕುಡಿದ ಮೇಲೆ ಆ ಕೆರೆಗೆ ಗಂಜಲ ಸೆಗಣಿ ಸುರಿದು ಶುದ್ಧಿ ಮಾಡಿದರು. ಕಣ್ಣೆದುರು ನೀರಿದ್ದೂ ಕುಡಿಯಲಾಗದ ಹಿಂಸೆ ನಮಗೆ ಹೊಸದಲ್ಲ. ಆದರೆ ಈ ಒಂದು ಹಿಂಸೆಯಿಂದ ತಪ್ಪಿಸಿಕೊಳ್ಳೋಕೆ ಬೇಕಾದದ್ದು ಕೈಗೆ ಸಿಗುವಷ್ಟು ಹತ್ತಿರದಲ್ಲಿದೆ, ಅದಕ್ಕೇ ನನಗೆ ಸಿಟ್ಟು.

ಬೇಕಾದ ಮೊದಲನೆಯದು ಸೋಪು, ನೀರು. ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆಯಬೇಕು. ಒಂದು ನಿಮಿಷ ಅಲ್ಲ, ಗಡಿಯಾರ ನೋಡಿಕೊಂಡು ಹದಿನೈದು. ಈ ವೈರಸ್ಸಿನ ಮೇಲೆ ಕೊಬ್ಬಿನ ಹೊದಿಕೆ ಇರುತ್ತೆ, ಸೋಪು ಅದನ್ನು ಒಡೆದು ಹಾಕುತ್ತೆ. ಯಾವ ಸೋಪಾದರೂ ಸರಿ, ಬಟ್ಟೆ ಸೋಪೂ ಆಗುತ್ತೆ. ಆಮೇಲೆ ಅಯೋಡಿನ್ ಇದ್ದರೆ ಹಚ್ಚಿ. ಸುಣ್ಣ, ಮೆಣಸಿನಪುಡಿ, ಅರಿಶಿನ, ಎಣ್ಣೆ, ಎಲೆ ರಸ ಯಾವುದೂ ಬೇಡ. ಸುಡೋದು ಬೇಡ, ಕಟ್ಟು ಕಟ್ಟೋದು ಬೇಡ. ಮಂತ್ರ ಹಾಕಿಸಿಕೊಂಡು ಬಂದು ಒಂದು ವಾರ ಕಾಯೋದಂತೂ ಬೇಡವೇ ಬೇಡ. ವೈರಸ್ಸಿಗೆ ಕಿವಿ ಇಲ್ಲ.

ಹುಡುಗ ಸಂಜೆ ತನಕ ಯಾರಿಗೂ ಹೇಳಿರಲಿಲ್ಲ. ಮೇಕೆ ಬಿಟ್ಟು ಹೋಗಿದ್ದಕ್ಕೆ ಏಟು ಬೀಳುತ್ತೆ ಅನ್ನೋ ಹೆದರಿಕೆ. ಸಂಜೆ ಅದೇ ಜಾಗದಲ್ಲಿ ನರಿ ಸತ್ತು ಬಿದ್ದದ್ದು ಊರಿಗೆ ಗೊತ್ತಾಯಿತು. ಆಗ ಇವನು ಜಂಬದಿಂದ 'ನಾನು ಅದನ್ನ ಮುಟ್ಟಿದ್ದೆ' ಅಂದ. ಗದ್ದೆ ಯಜಮಾನರು ಕೇಳಿ, 'ಮುಖ ನೋಡೋದೇ ಅದೃಷ್ಟ ಕಣ್ಲಾ, ನೀನು ಮುಟ್ಟೇ ಬಿಟ್ಟಿದ್ದೀಯಲ್ಲಾ' ಅಂತ ನಕ್ಕರಂತೆ. ಅಜ್ಜಿ ಸುಣ್ಣದ ಡಬ್ಬಿ ತೆಗೆದಿದ್ದರು. ಅಷ್ಟು ಹೊತ್ತಿಗೆ ನನಗೆ ಫೋನು ಬಂತು, ನಾನು ಊರಲ್ಲೇ ಇದ್ದೆ.

ಹದಿನೈದು ನಿಮಿಷ ತೊಳೀಬೇಕು ಅಜ್ಜಿ ಅಂದೆ. ಅಜ್ಜಿ ನನ್ನ ಮುಖ ನೋಡಿತು. ನಮ್ಮ ಕೇರಿಯ ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು, ಅದೂ ಅರ್ಧ ಗಂಟೆ. ಅವತ್ತು ಬರುವ ದಿನ ಅಲ್ಲ. ಮನೆಯಲ್ಲಿದ್ದದ್ದು ಒಂದು ಬಿಂದಿಗೆ, ಅದು ಅಡಿಗೆಗೆ. 'ಒಂದು ಚೊಂಬು ಸಾಕಾಗಲ್ವೇನಪ್ಪಾ' ಅಂತು. ಸಾಕಾಗೋದಿಲ್ಲ. ಮೂರು ಮನೆಯಿಂದ ಇನ್ನೂ ಮೂರು ಬಿಂದಿಗೆ ತಂದರು. ಹುಡುಗನ ಕೈ ಹಿಡಿದು, ಸಣ್ಣ ಧಾರೆಯಾಗಿ ಬಿಟ್ಟು, ಬೆರಳ ಸಂದೆಲ್ಲ ಉಜ್ಜಿ ತೊಳೆದೆವು. ನಾಲ್ಕು ಬಿಂದಿಗೆ ಖಾಲಿ. ಹರಿಯುವ ನೀರು ಅಂತ ದಪ್ಪ ಅಕ್ಷರದಲ್ಲಿ ಗೋಡೆ ಮೇಲೆ ಬರೆಸುವ ಇಲಾಖೆಯವರು ನಮ್ಮ ಕೇರಿಯಲ್ಲಿ ನೀರು ಯಾವತ್ತು ಹರಿಯುತ್ತೆ ಅಂತ ಒಮ್ಮೆ ಬಂದು ನೋಡಲಿ. ಆದರೂ ಗೆಳೆಯರೆ, ನೀರಿಲ್ಲ ಅಂತ ಬಿಡಬೇಡಿ. ಕೇಳಿ, ಬೇಡಿ, ಜಗಳ ಆಡಿ, ನಾಲೆಯಿಂದಾದರೂ ತನ್ನಿ. ಮೊದಲು ತೊಳೆಯಿರಿ, ಜಗಳ ಆಮೇಲೆ ಮುಂದುವರಿಸಿ.

ಮಾರನೆ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಆಸ್ಪತ್ರೆಗೆ ಹೋದೆವು. ಯಾವ ಆಸ್ಪತ್ರೆ ಅಂತ ಹೇಳೋದಿಲ್ಲ, ಹೇಳಿದರೆ ಬೇರೆ ಕಡೆ ಎಲ್ಲ ಸರಿಯಿದೆ ಅಂತ ಆಗುತ್ತೆ. ಚೀಟಿ ಬರೆಯುವವನು 'ಏನು ಕಚ್ಚಿದ್ದು' ಅಂದ. 'ಕಚ್ಚಿಲ್ಲ ಬುದ್ದಿ, ನರಿ ಮುಟ್ಟವ್ನೆ' ಅಂದಳು ತಾಯಿ. ಅಲ್ಲಿದ್ದವರೆಲ್ಲ ನಕ್ಕರು. 'ಮುಟ್ಟಿದ್ದಕ್ಕೆಲ್ಲ ಇಂಜೆಕ್ಷನ್ ಕೊಡೋಕೆ ಶುರು ಮಾಡಿದ್ರೆ ಮುಗೀತು.' ಯಾವೂರು ಅಂತ ಕೇಳಿದ, ಊರಲ್ಲಿ ಯಾವ ಬೀದಿ ಅಂತ ಕೇಳಿದ. ಕಾಯಿಲೆಗೂ ಬೀದಿಗೂ ಏನು ಸಂಬಂಧ ಅಂತ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಆಮೇಲೆ ಡ್ರೆಸ್ಸಿಂಗ್ ಮಾಡುವವನು ಟಿಂಚರ್ ಬಾಟಲಿಯನ್ನು ಮೊಳ ಎತ್ತರದಿಂದ ಹುಡುಗನ ಅಂಗೈಗೆ ಹೊಯ್ದ, ಹತ್ತಿಯನ್ನು ತಾಯಿಯ ಕಡೆ ಎಸೆದು 'ನೀನೇ ಒರೆಸಮ್ಮ' ಅಂದ. ರೇಬಿಸ್ ಹೆದರಿಕೆಗೆ ಹಾಗೆ ಮಾಡಿದ ಅಂತ ಅಂದುಕೊಳ್ಳೋಣ ಅಂದರೆ, ಪಕ್ಕದಲ್ಲೇ ನಾಯಿ ಕಚ್ಚಿಸಿಕೊಂಡು ಕೂತಿದ್ದ ಪೇಟೆಯ ಹುಡುಗಿಯ ಕಾಲನ್ನು ಅದೇ ಮನುಷ್ಯ ತನ್ನ ತೊಡೆ ಮೇಲೆ ಇಟ್ಟುಕೊಂಡು ತೊಳೆದಿದ್ದ.

ಆ ಬಾಟಲಿ ನೋಡಿದಾಗ ನನಗೆ ಒಂದು ಥರ್ಮಾಮೀಟರು ನೆನಪಾಯಿತು. ಬಾಬಾಸಾಹೇಬರ ಆತ್ಮಕಥನದ ತುಣುಕುಗಳು 'ವೇಟಿಂಗ್ ಫಾರ್ ಎ ವೀಸಾ' ಅಂತ ಬಂದಿವೆ, ಓದದವರು ಓದಿ. ಅದರಲ್ಲಿ 1929ರ ಡಿಸೆಂಬರ್‌ನಲ್ಲಿ ಗಾಂಧಿಯವರ 'ಯಂಗ್ ಇಂಡಿಯಾ'ದಲ್ಲಿ ಅಚ್ಚಾದ ಒಂದು ಕಾಗದದ ಪ್ರಸಂಗ ಇದೆ. ಕಾಠಿಯಾವಾಡದ ಒಬ್ಬ ಅಸ್ಪೃಶ್ಯ ಶಾಲಾ ಮಾಸ್ತರು. ಹೆಂಡತಿಗೆ ಹೆರಿಗೆಯಾಗಿ ಎರಡು ದಿನಕ್ಕೆ ಭೇದಿ, ಉಸಿರು ಕಟ್ಟಿತು. ಡಾಕ್ಟರು ಕೇರಿಗೆ ಬರೋದಿಲ್ಲ ಅಂದ. ದೊಡ್ಡವರಿಂದ ಹೇಳಿಸಿ, ಫೀಜಿಗೆ ಜಾಮೀನು ಕೊಡಿಸಿದ ಮೇಲೆ, ಬಾಣಂತಿಯನ್ನು ಕೇರಿಯಿಂದ ಆಚೆಗೆ ತಂದರೆ ನೋಡ್ತೀನಿ ಅಂದ. ತಂದರು. ಅವನು ಥರ್ಮಾಮೀಟರನ್ನು ಒಬ್ಬ ಮುಸಲ್ಮಾನನ ಕೈಗೆ ಕೊಟ್ಟ, ಅವನು ಮಾಸ್ತರಿಗೆ ಕೊಟ್ಟ, ಮಾಸ್ತರು ಹೆಂಡತಿಗೆ ಇಟ್ಟರು. ಅದೇ ದಾರಿಯಲ್ಲಿ ವಾಪಸು. ಮುಟ್ಟದೆಯೇ ನ್ಯುಮೋನಿಯಾ ಅಂತ ಹೇಳಿದ. ಆಕೆ ಉಳಿಯಲಿಲ್ಲ. ನಡುವೆ ಎಷ್ಟು ವರ್ಷ, ಎಷ್ಟು ಕಾಯಿದೆ! ಸಂವಿಧಾನದ 17ನೆ ವಿಧಿ ಬಂತು. 1989ರ ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ತಿದ್ದುಪಡಿ ಬಂದು, ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗದಂತೆ ನಮ್ಮವರನ್ನು ತಡೆಯೋದು ಅಪರಾಧ ಅಂತ ಅಕ್ಷರದಲ್ಲೇ ಸೇರಿತು. ಎತ್ತರದಿಂದ ಟಿಂಚರ್ ಹೊಯ್ಯೋದನ್ನು ಯಾವ ಸೆಕ್ಷನ್ನಿಗೆ ಹಾಕ್ತೀರಿ? ಒಳಕ್ಕೆ ಬಿಡ್ತಾರೆ, ಚೀಟಿ ಕೊಡ್ತಾರೆ. ಮುಟ್ಟೋದಿಲ್ಲ, ಅಷ್ಟೆ.

ನಾನು ಮಾಡಿದ್ದು ಒಂದೇ ಕೆಲಸ. ಹುಡುಗನ ಅಂಗೈಯನ್ನು ಮೇಜಿನ ಮೇಲೆ ಬಿಡಿಸಿ ಇಟ್ಟೆ. 'ಇದು ಒಡೆದ ತೊಗಲು, ಇದರ ಮೇಲೆ ಕಾಡುಪ್ರಾಣಿಯ ಜೊಲ್ಲು ಬಿದ್ದಿದೆ, ಇದು ಮೂರನೆ ದರ್ಜೆ, ಆಗೋದಿಲ್ಲ ಅಂದರೆ ಆಗೋದಿಲ್ಲ ಅಂತ ಬರೆದು ಸಹಿ ಹಾಕಿಕೊಡಿ' ಅಂದೆ. ಕೂಗಾಡಲಿಲ್ಲ. ಬರೆದುಕೊಡಿ ಅನ್ನೋ ಮಾತಿಗೆ ಇರೋ ಶಕ್ತಿ ಕೂಗಾಟಕ್ಕೆ ಇಲ್ಲ, ಇದನ್ನು ನೆನಪಿಟ್ಟುಕೊಳ್ಳಿ. ಒಳಗಿನಿಂದ ಒಬ್ಬ ಎಳೆಯ ಡಾಕ್ಟರಮ್ಮ ಬಂದರು. ಹುಡುಗನನ್ನು ಎತ್ತಿ ಮೇಜಿನ ಮೇಲೆ ಕೂರಿಸಿ, ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು ಗೀರು ಗೀರನ್ನೂ ನೋಡಿ, 'ಕೊಡಲೇಬೇಕು' ಅಂದರು. ಸೀರಂ ಸ್ಟಾಕಿಲ್ಲ, ಹೊರಗಡೆಯಿಂದ ತನ್ನಿ ಅಂತ ಯಾರೋ ಅಂದದ್ದಕ್ಕೆ ಅವರೇ ಎಲ್ಲೆಲ್ಲಿಗೋ ಫೋನು ಮಾಡಿ ಮಧ್ಯಾಹ್ನದೊಳಗೆ ತರಿಸಿದರು. ಅವರ ಜಾತಿ ಯಾವುದೋ, ನಾನು ಕೇಳಲಿಲ್ಲ.

ಸೀರಂ ಅಂದರೆ ತಯಾರಾಗಿಯೇ ಸಿಗುವ ರಕ್ಷಣೆ. ಚುಚ್ಚುಮದ್ದು ಹಾಕಿದ ಮೇಲೆ ಮೈ ತಾನೇ ರಕ್ಷಣೆ ತಯಾರಿಸಿಕೊಳ್ಳೋಕೆ ಒಂದು ವಾರವಾದರೂ ಬೇಕು. ಅಲ್ಲಿಯ ತನಕ ಬಾಗಿಲು ಕಾಯೋದು ಸೀರಂ. ಅದನ್ನು ಗಾಯದ ಒಳಗೂ ಸುತ್ತಲೂ ಚುಚ್ಚುತ್ತಾರೆ. ನೋವಾಗುತ್ತೆ, ಹುಡುಗ ಅತ್ತ. ಮೊದಲ ಚುಚ್ಚುಮದ್ದಿನ ದಿನವೇ ಕೊಡಬೇಕು, ಅವತ್ತು ಸಿಗದಿದ್ದರೆ ಏಳು ದಿನದೊಳಗೆ. ಅಳತೆ ಮೈತೂಕದ ಮೇಲೆ. ಕುದುರೆಯಿಂದ ತೆಗೆದ ಸೀರಂ ಆದರೆ ಕೆ.ಜಿ.ಗೆ 40 ಯೂನಿಟ್. ಹುಡುಗನನ್ನು ತೂಗಿದರು, 18 ಕೆ.ಜಿ. ಮೂರನೆ ಕ್ಲಾಸಿನ ಹುಡುಗ! 720 ಯೂನಿಟ್ ಸಾಕಾಯಿತು. ಹೊಟ್ಟೆಗೆ ಇಲ್ಲದ್ದಕ್ಕೆ ನಮ್ಮವರಿಗೆ ಸಿಕ್ಕಿದ ಒಂದೇ ರಿಯಾಯಿತಿ ಇದು. ಚುಚ್ಚುಮದ್ದು ಹಾಗಲ್ಲ. ಅದರಲ್ಲಿ ತೂಕ ಇಲ್ಲ, ವಯಸ್ಸು ಇಲ್ಲ. ಯಜಮಾನರ ಮೈಗೂ ಈ ಹುಡುಗನ ಮೈಗೂ ಒಂದೇ ಅಳತೆ. ಇಷ್ಟು ಸಮಾನತೆ ನಾನು ಬೇರೆಲ್ಲೂ ಕಂಡಿಲ್ಲ.

ಸರ್ಕಾರಿ ಆಸ್ಪತ್ರೆಗಳಲ್ಲಿ ಈಗ ಚುಚ್ಚುಮದ್ದನ್ನು ತೊಗಲಿನ ಪದರದೊಳಗೆ ಕೊಡ್ತಾರೆ. ಒಂದು ಸಲಕ್ಕೆ ಎರಡು ತೋಳಿಗೂ ಒಂದೊಂದು, 0.1 ಮಿ.ಲೀ. ಮೊದಲ ದಿನವನ್ನು ಸೊನ್ನೆ ಅಂತ ಎಣಿಸಿದರೆ 0, 3, 7, 28ನೆ ದಿನ. ನಾಲ್ಕು ಸಲ ಹೋಗಬೇಕು. ಸ್ನಾಯುವಿಗೆ ಕೊಡುವ ಕ್ರಮದಲ್ಲಿ ಐದು ಸಲ, 14ನೆ ದಿನವೂ ಸೇರಿ. ನಾಯಿ ಬೆಕ್ಕು ಆದರೆ ಹತ್ತು ದಿನ ಕಟ್ಟಿಹಾಕಿ ನೋಡುವ ರೂಢಿ ಇದೆ, ಅದೂ ಚುಚ್ಚುಮದ್ದು ಶುರು ಮಾಡಿದ ಮೇಲೆ. ಕಾಡುಪ್ರಾಣಿಗೆ ಆ ಲೆಕ್ಕವೇ ಇಲ್ಲ. ತಡವಾಯಿತು ಅಂತಲೂ ಸುಮ್ಮನಾಗಬೇಡಿ. ವಾರ ಕಳೆದು ಗೊತ್ತಾದರೂ, ತಿಂಗಳು ಕಳೆದು ಗೊತ್ತಾದರೂ, ಲಕ್ಷಣ ಕಾಣಿಸಿಕೊಳ್ಳುವ ಮುಂಚೆ ಯಾವಾಗ ಹೋದರೂ ಶುರು ಮಾಡಬೇಕು.

ನಾಲ್ಕು ಸಲ ಅಂದರೆ ಬೇರೆಯವರಿಗೆ ನಾಲ್ಕು ಚುಚ್ಚು. ನಮ್ಮವರಿಗೆ ನಾಲ್ಕು ದಿನದ ಕೂಲಿ, ನಾಲ್ಕು ಸಲದ ಬಸ್ ಚಾರ್ಜು. ಮೂರನೆ ದಿನ ತಾಯಿ ಹೋದಳು. ಏಳನೆ ದಿನಕ್ಕೆ ಮೇಸ್ತ್ರಿ 'ಹಿಂಗೆ ದಿನಾ ತಪ್ಪಿಸಿಕೊಂಡ್ರೆ ಬೇರೆ ಆಳು ನೋಡ್ತೀನಿ' ಅಂದ. ಇಪ್ಪತ್ತೆಂಟನೆ ದಿನದ ಹೊತ್ತಿಗೆ ಹುಡುಗ ಮರದ ಮೇಲೆ ಕೋತಿ ಹಾಗೆ ಆಡ್ತಾ ಇರ್ತಾನೆ, ಗೀರು ಮಾಗಿರುತ್ತೆ. ಇನ್ನೇಕೆ ಅಂತ ಬಿಡ್ತಾರೆ. ಈ ಕೊನೆಯ ಸಲ ತಪ್ಪಿಹೋಗೋದೇ ನಮ್ಮ ಕೇರಿಗಳಲ್ಲಿ ಜಾಸ್ತಿ. ಮರೆವು, ಉದಾಸೀನ, ಅಜ್ಞಾನ ಅಂತೆಲ್ಲ ಭಾಷಣ ಮಾಡ್ತಾರಲ್ಲ, ಅದರ ನಿಜವಾದ ಹೆಸರು ಕೂಲಿ.

ಹೆದರಿಕೆಯೂ ಒಂದಿದೆ, ಅದು ಸುಳ್ಳು ಹೆದರಿಕೆ ಅಲ್ಲ. ಅಜ್ಜಿಯರು ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಅಂತಾರಲ್ಲ, ಅದು ಇತ್ತು. 1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಎಂಬಾತ ಕುರಿಯ ಮೆದುಳಿನಿಂದ ಮಾಡಿದ ಮದ್ದು. ದಿನಾ ಒಂದರಂತೆ ಹೊಟ್ಟೆಗೆ ಚುಚ್ಚುತ್ತಿದ್ದರು. ಕೆಲವರಿಗೆ ಆ ಮದ್ದಿನಿಂದಲೇ ಕೈಕಾಲು ಸ್ವಾಧೀನ ತಪ್ಪುತ್ತಿತ್ತು. ಮುಂದುವರಿದ ದೇಶಗಳು ಅದನ್ನು ಬಿಟ್ಟು ಎಷ್ಟೋ ಕಾಲ ಆದರೂ ನಮ್ಮ ಸರ್ಕಾರಿ ಆಸ್ಪತ್ರೆಗಳ ಬಡವರ ಹೊಟ್ಟೆಗೆ ಅದೇ ಹೋಗುತ್ತಿತ್ತು. ದುಡ್ಡಿದ್ದವರು ಹೊಸ ಮದ್ದನ್ನು ತೋಳಿಗೆ ಹಾಕಿಸಿಕೊಳ್ತಾ ಇದ್ದರು. 2004ರ ಕೊನೆಗೆ ನಮ್ಮ ದೇಶದಲ್ಲಿ ಅದರ ತಯಾರಿಕೆ ನಿಂತಿತು. ಈಗ ಹೊಟ್ಟೆಗೆ ಚುಚ್ಚೋದಿಲ್ಲ, ತೋಳಿಗೆ. ಇದನ್ನು ಅಜ್ಜಿಯರಿಗೆ ಬಿಡಿಸಿ ಹೇಳಿ, ಗದರಿಸಬೇಡಿ.

ಈ ಮದ್ದು ಹುಟ್ಟಿದ ಕಾಲದ ಎರಡು ಸಂಗತಿ ನನಗೆ ಇಷ್ಟ. ಲೂಯಿ ಪಾಸ್ಚರ್ ಡಾಕ್ಟರಲ್ಲ, ರಸಾಯನಶಾಸ್ತ್ರದವನು. 1885ರ ಜುಲೈ 6ರಂದು ಅಲ್ಸೇಸ್‌ನ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್ ಎಂಬ ಹುಡುಗನಿಗೆ ಮೊದಲ ಸಲ ಇದನ್ನು ಕೊಡಿಸಿದ, ಸೂಜಿ ಹಿಡಿದದ್ದು ಬೇರೆ ಡಾಕ್ಟರು. ಹುಡುಗ ಉಳಿದ. ಇನ್ನೊಂದು, ಮಾರನೆ ವರ್ಷ 1886ರ ಮಾರ್ಚಿಯದು. ರಷ್ಯದ ಸ್ಮೊಲೆನ್‌ಸ್ಕ್ ಕಡೆಯ 19 ಜನ ಹಳ್ಳಿಗರನ್ನು ಹುಚ್ಚು ತೋಳ ಕಚ್ಚಿತ್ತು. ಗಾಯದ ಮೈಯಲ್ಲೇ ಅಷ್ಟು ದೂರ ಪ್ಯಾರಿಸ್‌ಗೆ ಬಂದಿಳಿದರು. ಅವರಿಗೆ ಗೊತ್ತಿದ್ದ ಫ್ರೆಂಚ್ ಮಾತು ಒಂದೇ ಅಂತ ಹೇಳ್ತಾರೆ, ಪಾಸ್ಚರ್. ಮೂವರು ಸತ್ತರು, ಹದಿನಾರು ಜನ ಊರಿಗೆ ವಾಪಸು ಹೋದರು. ಒಂದೇ ಮಾತು ಗೊತ್ತಿದ್ದು ಬದುಕಿದ ಆ ಹದಿನಾರು ರೈತರನ್ನು ನಾನು ಆಗಾಗ ನೆನೀತೀನಿ.

ನಮ್ಮ ದಕ್ಷಿಣಕ್ಕೆ ಇದು ಹೇಗೆ ಬಂತು? 1902ರಲ್ಲಿ ಲಿಲಿ ಪೇಕನ್‌ಹ್ಯಾಮ್ ವಾಲ್ಶ್ ಎಂಬ ಇಂಗ್ಲಿಷ್ ಯುವತಿ ಈ ಕಾಯಿಲೆಯಿಂದ ಸತ್ತಳು. ಮದ್ದು ಇದ್ದದ್ದು ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿ. ಆ ಸಾವಿನ ಮೇಲೆ ದೊರೆಗಳಿಗೆ ಎಚ್ಚರವಾಗಿ, ದಾನದ ದುಡ್ಡು ಬಂದು, 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಪಾಸ್ಚರ್ ಸಂಸ್ಥೆ ಶುರುವಾಯಿತು. ಪಾಪ, ಆ ಹೆಣ್ಣುಮಗಳ ಸಾವು ನನಗೆ ಹಗುರವಲ್ಲ. ಅದಕ್ಕೆ ಮುಂಚೆ ಈ ಸೀಮೆಯ ಕೇರಿಗಳಲ್ಲಿ ನೀರಿಗೆ ಹೆದರಿ ಸತ್ತವರು ಎಷ್ಟು ಜನವೋ, ಅವರ ಹೆಸರಿಗೆ ಒಂದು ಕಲ್ಲೂ ಇಲ್ಲ.

ಈಗಲೂ ಲೆಕ್ಕ ನೆಟ್ಟಗಿಲ್ಲ. ಭಾರತದಲ್ಲಿ ವರ್ಷಕ್ಕೆ ಸುಮಾರು 20,000 ಜನ ರೇಬಿಸ್‌ನಿಂದ ಸಾಯ್ತಾರೆ ಅಂತ ಬಹಳ ವರ್ಷ ಹೇಳಿಕೊಂಡು ಬಂದರು. ಈಚಿನ ಒಂದು ದೊಡ್ಡ ಸಮೀಕ್ಷೆ 5,700 ಚಿಲ್ಲರೆ ಅಂದಿತು. ಸಾವು ಕಮ್ಮಿಯಾಗಿದ್ದರೆ ಸಂತೋಷ. ಆದರೆ ಈ ಎರಡು ಅಂಕಿಗಳ ನಡುವಿನ ಕಂದಕ ನೋಡಿ! ಕಚ್ಚಿಸಿಕೊಂಡವನು ಮನೆಯಲ್ಲೇ ಕತ್ತಲೆ ಮೂಲೆಯಲ್ಲಿ ಸತ್ತರೆ ಯಾವ ಪುಸ್ತಕದಲ್ಲಿ ಬರೆದುಕೊಳ್ತಾರೆ? ಕರ್ನಾಟಕದಲ್ಲಿ ಮನುಷ್ಯರ ರೇಬಿಸ್ಸನ್ನು ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆ ಅಂತ ಮಾಡಿದ್ದೇ 2022ರಲ್ಲಿ. ನಾಯಿಯಿಂದ ಬರುವ ರೇಬಿಸ್ ಸಾವನ್ನು 2030ಕ್ಕೆ ಸೊನ್ನೆ ಮಾಡ್ತೀವಿ ಅಂತ ಕೇಂದ್ರ ಸರ್ಕಾರ 2021ರಲ್ಲಿ ಯೋಜನೆ ಹೊರಡಿಸಿದೆ. ಜಗತ್ತಿನಲ್ಲಿ ಈ ಕಾಯಿಲೆಯಿಂದ ಸಾಯುವವರಲ್ಲಿ ನೂರಕ್ಕೆ 40 ಜನ ಹದಿನೈದು ವರ್ಷದೊಳಗಿನ ಮಕ್ಕಳು. ಆ ಮಕ್ಕಳಿಗೆ ಯೋಜನೆ ಓದೋಕೆ ಬರೋದಿಲ್ಲ, ನಿಮಗೆ ಬರುತ್ತೆ.

ಒಂದು ಮಾತು ಬಿಟ್ಟುಹೋಯಿತು. ಸತ್ತ ಆ ನರಿಯನ್ನು ಎತ್ತಿ ಹಾಕೋಕೆ ಯಾರನ್ನು ಕರೆದರು ಅಂತೀರಿ? ನಮ್ಮ ಕೇರಿಯವನನ್ನೇ. ಬರಿಗೈಯಲ್ಲಿ ಕಾಲು ಹಿಡಿದು ಎಳೆದು ಹೂತು ಬಂದ. ಅರಣ್ಯದವರು ಕೇಸು ಹಾಕ್ತಾರೆ ಅಂತ ಹೆದರಿ ಯಾರಿಗೂ ಹೇಳಬೇಡ ಅಂದರಂತೆ. ನರಿಯನ್ನು ಕೊಲ್ಲೋದು, ಹಿಡಿಯೋದು 1972ರ ವನ್ಯಜೀವಿ ಕಾಯಿದೆ ಪ್ರಕಾರ ಅಪರಾಧ. ಅದು ಕಚ್ಚಿದ್ದನ್ನು, ಜೊಲ್ಲು ತಾಗಿದ್ದನ್ನು ಡಾಕ್ಟರಿಗೆ ಹೇಳೋದು ಅಪರಾಧ ಅಲ್ಲ. ಸತ್ತ ಪ್ರಾಣಿಯ ಮೆದುಳನ್ನು ಪರೀಕ್ಷೆ ಮಾಡುವ ಪ್ರಯೋಗಾಲಯ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿದೆ. ಪಶುವೈದ್ಯರಿಗೆ ತಿಳಿಸಿದ್ದರೆ ಗೊತ್ತಾಗುತ್ತಿತ್ತು. ಚುಚ್ಚುಮದ್ದನ್ನು ಮಾತ್ರ ಆ ವರದಿಗೆ ಕಾಯಿಸಬಾರದು. ಹುಚ್ಚು ಹಿಡಿದು ಸತ್ತ ದನವನ್ನು ಸುಲಿಯುವವರು, ಸತ್ತ ನಾಯಿ ಎತ್ತುವ ಪೌರಕಾರ್ಮಿಕರು, ಎಲ್ಲರ ಕೈಯಲ್ಲೂ ಗಾಯ ಇರುತ್ತೆ. ದಿನಾ ಇಂಥ ಕೆಲಸ ಮಾಡುವವರಿಗೆ ಮುಂಚಿತವಾಗಿಯೇ ಕೊಡುವ ಚುಚ್ಚುಮದ್ದು ಇದೆ. ಪಶುವೈದ್ಯರು ಹಾಕಿಸಿಕೊಳ್ತಾರೆ. ನಮ್ಮ ಪೌರಕಾರ್ಮಿಕರಲ್ಲಿ ಎಷ್ಟು ಜನಕ್ಕೆ ಹಾಕಿಸಿದ್ದಾರೆ ಅಂತ ನಿಮ್ಮ ನಿಮ್ಮ ಪುರಸಭೆಯಲ್ಲಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಹತ್ತು ರೂಪಾಯಿ ಖರ್ಚು.

ಈಗ ಕೆಲಸದ ಮಾತು. ರಜೆಗೆ ಊರಿಗೆ ಹೋಗುವವರು ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ರೇಬಿಸ್ ಚುಚ್ಚುಮದ್ದು ಇವತ್ತು ಸ್ಟಾಕಿನಲ್ಲಿ ಇದೆಯಾ, ಸೀರಂ ಹತ್ತಿರದಲ್ಲಿ ಎಲ್ಲಿ ಸಿಗುತ್ತೆ ಅಂತ ಕೇಳಿ ಬರೆದುಕೊಂಡು ಬನ್ನಿ. ಕೇರಿಯ ಮಕ್ಕಳನ್ನು ಕೂರಿಸಿಕೊಂಡು, ಪ್ರಾಣಿ ಕಚ್ಚಿದರೆ, ಪರಚಿದರೆ, ಜೊಲ್ಲು ತಾಗಿದರೆ ಹೇಳಿ, ಹೇಳಿದವರಿಗೆ ಏಟು ಬೀಳೋದಿಲ್ಲ ಅಂತ ಅವರ ತಾಯಂದಿರ ಎದುರಿಗೇ ಮಾತು ಕೊಡಿಸಿ. ಆಶಾ ಅಕ್ಕಂದಿರನ್ನು ಜೊತೆಗೆ ಕರೆದುಕೊಳ್ಳಿ, ಅವರಿಗೆ ನಿಮಗಿಂತ ಜಾಸ್ತಿ ಗೊತ್ತು. ಯಾರಿಗಾದರೂ ಚುಚ್ಚುಮದ್ದು ಶುರುವಾದರೆ 3, 7, 28ನೆ ದಿನ ಯಾವ ವಾರ ಬರುತ್ತೆ ಅಂತ ಅವರ ಮನೆ ಬಾಗಿಲ ಮೇಲೆ ಸುಣ್ಣದಲ್ಲಿ ಬರೆಯಿರಿ. ಸುಣ್ಣಕ್ಕೆ ಅದು ಸರಿಯಾದ ಉಪಯೋಗ. ತಾಯಿಗೆ ಕೂಲಿ ಬಿಡೋಕೆ ಆಗದಿದ್ದರೆ ಮಗುವಿನ ಜೊತೆ ನೀವು ಹೋಗಿ. ನಮ್ಮ ಹುಡುಗನ ಏಳನೆ ದಿನಕ್ಕೆ ಡಿಗ್ರಿ ಓದುವ ಒಬ್ಬ ತಂಗಿ ಹೋಗಿ ಬಂದಳು. ಇಪ್ಪತ್ತೆಂಟನೆ ದಿನ ಬರುವ ಗುರುವಾರ, ನಾನು ಹೋಗ್ತೀನಿ.

ಕೇರಿಯ ನಲ್ಲಿಗೆ ದಿನಾ ನೀರು ಬಿಡಬೇಕು ಅಂತ ಪಂಚಾಯಿತಿಗೆ, ತಾಲ್ಲೂಕು ಆಸ್ಪತ್ರೆಯಲ್ಲಿ ಸೀರಂ ಯಾವಾಗಲೂ ಇಟ್ಟಿರಬೇಕು ಅಂತ ಜಿಲ್ಲಾ ಆರೋಗ್ಯಾಧಿಕಾರಿಗೆ, ಎರಡು ಅರ್ಜಿ ಬರೆದು ತಂದಿದ್ದೀನಿ. ಇಲ್ಲೇ ಮೇಜಿನ ಮೇಲಿವೆ. ಓದಿ ನೋಡಿ, ತಪ್ಪಿದ್ದರೆ ತಿದ್ದಿ, ಸಹಿ ಹಾಕಿ, ಊಟಕ್ಕೆ ಏಳೋಣ.